ಇಲ್ಲದ ಊರಿನ ಪಟೇಲರು

ಕೆಂಪು ಬಾಳೆಹಣ್ಣಿನ ವಾಸನೆ ಉಳಿದ ಬಾಳೆಹಣ್ಣುಗಳ ವಾಸನೆಯಂತಲ್ಲ. ಅದು ಮೂಗಿಗೆ ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. ಕಳೆದ ವಾರ ಅಂಗಳ ಗುಡಿಸಿ, ನೀರು ಹೊಡೆದು, ಚಹಾದ ಬಟ್ಟಲು ಕೈಯಲ್ಲಿ ಹಿಡಿದು ನಿಂತಿದ್ದೆ. ಕಲಬುರಗಿಯ ನಮ್ಮ ಖೂಬಾ ಪ್ಲಾಟಿನ ಓಣಿಗೆ ಒಬ್ಬ ಹೊಸ ತಳ್ಳುಗಾಡಿಯವನು ಬಂದ. ಗಾಡಿ ಕಾಣುವ ಮೊದಲೇ ವಾಸನೆ ಬಂತು. ಗೇಟು ತೆಗೆದು ಹೊರಗೆ ಹೋದೆ.

ಅವನು ಒಂದು ಹಣ್ಣು ಎತ್ತಿ ತೋರಿಸಿ, "ಕಮಲಾಪುರದ ಮಾಲ್ ಅದರೀ ಅವ್ವಾ. ನೋಡೀರೇನ್ರಿ ಕಮಲಾಪುರ?" ಎಂದ.

"ಇಲ್ಲಪ್ಪ," ಎಂದೆ.

ಹಣ್ಣು ತೆಗೆದುಕೊಂಡು ಒಳಗೆ ಬಂದೆ. ಚಹಾ ಆರಿತ್ತು. ಆರಿದ ಚಹಾ ನಾನು ಕುಡಿಯುವವಳಲ್ಲ. ಅಂದು ಸುಮ್ಮನೆ ಕುಡಿದೆ. ಕಮಲಾಪುರದಲ್ಲಿ ಸಂಸಾರ ಮಾಡಿದವಳು ನಾನು. ಆ ಊರಿನ ಮಾಲಿ ಪಟೇಲರ ಹಿರಿಯ ಸೊಸೆ.

ನನ್ನ ತವರು ಕಲಬುರಗಿ. ಕಾಗದದ ಮೇಲೆ ಆಗ ಗುಲ್ಬರ್ಗಾ, ಬಾಯಲ್ಲಿ ಕಲಬುರ್ಗಿ. ತಂದೆಯವರು ರೈಲು ಸ್ಟೇಶನ್ನಿನಲ್ಲಿ ಮಾಲಿನ ಗುಮಾಸ್ತರು. ನಮ್ಮ ಮನೆ ರೈಲಿನ ಹೊತ್ತಿಗೆ ನಡೆಯುತ್ತಿತ್ತು. ಮುಂಬಯಿ ಗಾಡಿ ಬಂದರೆ ಏಳಬೇಕು, ಮದ್ರಾಸಿನ ಗಾಡಿ ಹೋದರೆ ದೀಪ ಆರಿಸಬೇಕು. ಇಟ್ಟ ವಸ್ತು ಇಟ್ಟಲ್ಲೇ ಇರಬೇಕು, ಇದ್ದದ್ದನ್ನು ಇದೆ ಎನ್ನಬೇಕು, ಇಲ್ಲದ್ದನ್ನು ಇಲ್ಲ ಎನ್ನಬೇಕು. ಅಕ್ಷರವನ್ನೂ ಅವರೇ ಕಲಿಸಿದರು. ಹೀಗೆ ಬೆಳೆದವಳು ಮದುವೆಯಾಗಿ ಹೋದದ್ದು ಎಂಥ ಊರಿಗೆ ಎಂದು ಹೇಳಬೇಕಾದರೆ, ಮೊದಲು ಆ ಊರು ಹೇಗೆ ಕೂತಿತ್ತು ಎಂಬುದನ್ನು ಹೇಳಬೇಕು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ರಸ್ತೆ ಮೊದಲು ಎರೆಮಣ್ಣಿನ ಬಯಲಿನಲ್ಲಿ ಹೋಗುತ್ತದೆ. ಆಮೇಲೆ ನೆಲ ಕೆಂಪಾಗುತ್ತದೆ, ಏಳುತ್ತದೆ, ಬೀಳುತ್ತದೆ. ಕಮಲಾಪುರ ಇದ್ದದ್ದು ಆ ಏರಿಳಿತದ ನಡುವೆ. ರಸ್ತೆಗೆ ಕಾಣುವುದು ಊರಬಾಗಿಲಿನ ಒಂದು ಅಗಸಿ, ಹಳೆಯ ಕಾವಲಿನ ಮುರಿದ ಹುಡೆ, ಚಾವಡಿ, ಅದರ ಎದುರಿಗೆ ನಮ್ಮ ಮನೆ, ಮತ್ತೆ ಕೆಲವು ಮಣ್ಣಿನ ಮಾಳಿಗೆಗಳು. ಉಳಿದ ಕೇರಿಗಳೆಲ್ಲ ದಿನ್ನೆಯ ಹಿಂದೆ ಇಳಿದಿದ್ದವು. ಅವುಗಳ ಆಚೆ ಹಳ್ಳ, ಹಳ್ಳದ ಗುಂಟ ಬಾಳೆಯ ತೋಟ, ತೋಟದ ನಡುವೆ ಸಿಹಿನೀರಿನ ಬಾವಿ. ರಸ್ತೆಯ ಮೇಲೆ ನಿಂತವನಿಗೆ ಇದಾವುದೂ ತೋರುತ್ತಿರಲಿಲ್ಲ. ಊರು ರಸ್ತೆಗೆ ಬೆನ್ನು ಹಾಕಿ ಕೂತಿತ್ತು.

ಕಾರಭಾರ ಹೀಗೆ ನಡೆಯುತ್ತಿತ್ತು. ಹೈದರಾಬಾದಿನ ಹುಕುಂ ಕಲಬುರಗಿಯ ಸುಬೇದಾರರಿಗೆ ಬರಬೇಕು. ಅವರಿಂದ ಜಿಲ್ಲೆಯ ತಾಲೂಕದಾರರಿಗೆ, ಅವರಿಂದ ತಹಶೀಲದಾರರಿಗೆ, ಅಲ್ಲಿಂದ ಊರೂರು ತಿರುಗುವ ಗಿರದಾವರರಿಗೆ. ಗಿರದಾವರರ ಕೆಳಗೆ ಊರಿನ ಮಾಲಿ ಪಟೇಲರು, ಅಂದರೆ ಕಂದಾಯ ಎತ್ತುವವರು. ಬರೆಯಲು ಕುಲಕರ್ಣಿ, ಕೂಗಿ ಕರೆಯಲು ವಾಲೀಕಾರ. ಮೇಲಿನಿಂದ ಹುಕುಂ ಇಳಿಯುತ್ತಿತ್ತು, ಕೆಳಗಿನಿಂದ ಕಂದಾಯ ಏರುತ್ತಿತ್ತು. ಮಾತು ಮಾತ್ರ ಏರುತ್ತಿರಲಿಲ್ಲ. ಮೇಲೆ ಉರ್ದು, ಕೆಳಗೆ ಕನ್ನಡ, ನಡುವೆ ನಮ್ಮ ಮಾವನವರ ಗಂಟಲು.

ಅಧಿಕಾರಿಗಳು ಊರೂರು ತಿರುಗುತ್ತ ದೌರೆಗೆ ಬಂದರೆ ಅವರ ಊಟ ಊರಿನದು. ಅದಕ್ಕೆ ರಸದು ಎಂದು ಹೆಸರು. ಹಿಟ್ಟು, ತುಪ್ಪ, ಕೋಳಿ, ಹಾಲು, ಕುದುರೆಗೆ ಕಡಲೆ, ಮಲಗಲು ಹೊರಸು, ಹೊರಲು ಆಳು. ಯಾವುದಕ್ಕೂ ಬೆಲೆ ಇಲ್ಲ. ಬಂದವರು ತಿಂದು ಹೋಗುತ್ತಿರಲಿಲ್ಲ, ತಿಂದು ಎಣಿಸಿ ಹೋಗುತ್ತಿದ್ದರು. ಮುಂದಿನ ವರ್ಷ ಎಣಿಸಿದ್ದಕ್ಕೆಲ್ಲ ಕಂದಾಯ. ಅದಕ್ಕೆ ಕಮಲಾಪುರದವರು ಒಂದು ಉಪಾಯ ಕಲಿತಿದ್ದರು. ಅದನ್ನು ಅವರು 'ಊರು ಮುಚ್ಚೋದು' ಎನ್ನುತ್ತಿದ್ದರು.

ಕಲಬುರಗಿಯ ಕಡೆಯಿಂದ ಗಾಡಿಯವರು ಸುದ್ದಿ ತಂದ ಕೂಡಲೆ ಊರು ಮುಚ್ಚುತ್ತಿತ್ತು. ಸಿಹಿಬಾವಿಯ ಗಡಗಡೆ, ಹಗ್ಗ ಬಿಚ್ಚಿಡುವುದು, ಬಾವಿ ಹಾಳುಬಿದ್ದಂತೆ ಕಾಣಲು. ತೋಟದ ದಾರಿಗೆ ಜಾಲಿಯ ಮುಳ್ಳು ಎಳೆಯುವುದು. ದನಗಳನ್ನು ಹಳ್ಳಕ್ಕೆ ಇಳಿಸುವುದು. ಕೋಳಿಗಳು ಬುಟ್ಟಿಯ ಕೆಳಗೆ, ಹೊರಸುಗಳು ಕಣಿಕೆಯ ಬಣವೆಯ ಒಳಗೆ. ಬಾಳೆಗೊನೆಗಳನ್ನು ಕಡಿದು, ಕಾಳು ತುಂಬಿಡುವ ನೆಲದೊಳಗಿನ ಹಗೇವುಗಳಿಗೆ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಬಳಿಯುವುದು. ಯಾರ ಕೆಲಸ ಯಾವುದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಎಲ್ಲಾ ಮುಗಿದ ಮೇಲೆ ಮಾವನವರು ಬಿಳಿ ರುಮಾಲು ಸುತ್ತಿಕೊಂಡು ರಸ್ತೆಯ ತಿರುವಿಗೆ ಹೋಗಿ ನಿಲ್ಲುತ್ತಿದ್ದರು, ಅಧಿಕಾರಿಯ ಕಣ್ಣಿನಿಂದ ಊರನ್ನು ನೋಡಲು. ನಾನು ನೋಡಿದ ಮೊದಲ ಸಲ ಅವರು ಅಲ್ಲಿಂದ ಧಾವಿಸಿ ಬಂದು ಅಗಸಿಯಲ್ಲಿ ನಿಂತು ಕೂಗಿದ್ದು ಈಗಲೂ ಕೇಳುತ್ತದೆ: "ಯಾರದದು ಹೊಗಿ? ಒಲಿ ಆರಸ್ರಿ. ಇಲ್ಲದ ಊರಾಗ ರೊಟ್ಟಿ ಬೇಯ್ತಾವೇನು?"

ಊರೆಲ್ಲ ನಕ್ಕಿತು. ನಾನೂ ಸೆರಗಿನಲ್ಲಿ ನಕ್ಕೆ. ಅವರ ಎತ್ತರ, ಅವರ ದನಿ, ಕುದುರೆಯ ಮೇಲಿನವರ ಎದುರು ಕೈಮುಗಿದು ನಿಂತು ಕಣ್ಣಲ್ಲಿ ನೀರು ತರಿಸಿಕೊಳ್ಳುವ ಅವರ ಬುದ್ಧಿ… ಹೆದರಿದ ಜನಕ್ಕೆ ಅವರು ಕೋಟೆಯ ಹಾಗಿದ್ದರು. ಅವರ ಕಾಲದಲ್ಲಿ ಊರಿನ ಕಂದಾಯ ಏರಿರಲಿಲ್ಲ.

ನಗದವರು ಒಬ್ಬರೇ, ನಮ್ಮ ಅತ್ತೆ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವರ ಎಡಗಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಅವರು ಎರಡು ಕಣ್ಣಿನವರಿಗಿಂತ ಚೊಕ್ಕ ನೋಡುತ್ತಿದ್ದರು. ತೊಗರಿಬೇಳೆಯಲ್ಲಿ ಅದೇ ಬಣ್ಣದ ಹರಳನ್ನು ಹೆಕ್ಕುವರು. ಮಾತು ಕಡಿಮೆ. ಬಾಗಿಲ ಸಂದಿನಿಂದ ಊರು ಮುಚ್ಚುವುದನ್ನು ನೋಡಿ, ಮುಖ ತಿರುಗಿಸಿ, ಒಲೆಯ ಮುಂದೆ ಹೋಗಿ ಕೂರುತ್ತಿದ್ದರು.

ಒಂದು ಚಳಿಗಾಲದಲ್ಲಿ ಸುದ್ದಿ ಬಂತು: ಹೊಸ ಗಿರದಾವರರು ಬರುತ್ತಾರೆ, ಊರು ಎಣಿಸಲು. ಊರು ಮುಚ್ಚಿತು. ಆದರೆ ಬಂದವರು ಹಿಂದಿನವರ ಹಾಗಿರಲಿಲ್ಲ. ವಯಸ್ಸಾದವರು, ಕೆಮ್ಮು ಇತ್ತು. ಒಂದು ಬಾಡಿಗೆಯ ಗಾಡಿ, ಒಬ್ಬ ಜವಾನ. ಚಾವಡಿಯಲ್ಲಿ ಚಾಪೆ ಹಾಸಿಕೊಂಡರು. ಕಲಬುರಗಿಯ ರೋಜಾದವರಂತೆ, ದರ್ಗಾದ ಹತ್ತಿರ ಮನೆ. ಉರ್ದು ಕಾಗದ ಓದಿ, ಕನ್ನಡದಲ್ಲಿ ಮಾತಾಡಿದರು. ಈ ಭಾಗಕ್ಕೆ ಸರಕಾರ ಒಂದು ದವಾಖಾನೆ ಕೊಡುವುದಿದೆ. ಗುಡ್ಡದ ಆಚೆಯ ಊರಿಗೋ ಕಮಲಾಪುರಕ್ಕೋ ಎಂದು ನಿಶ್ಚಯಿಸಬೇಕು. ಮನೆ ಎಷ್ಟು, ನೀರು ಹೇಗೆ, ಬೆಳೆ ಏನು, ಸಂತೆಗೆ ಜನ ಬರುತ್ತಾರೋ ಇಲ್ಲವೋ, ಅದನ್ನು ನೋಡಲು ಬಂದಿದ್ದೇನೆ ಎಂದರು. ರಸದು ಬೇಡ, ಬೇಕಾದದ್ದನ್ನು ಕೊಂಡುಕೊಳ್ಳುತ್ತೇನೆ ಎಂದೂ ಹೇಳಿದರು.

ಮಾವನವರು ಕೈಮುಗಿದು, ಕೊಳ್ಳಲಿಕ್ಕೆ ಊರಲ್ಲಿ ಏನೂ ಇಲ್ಲ, ಕುಡಿಯುವ ನೀರೂ ಸವುಳು, ಬಡವರ ಹಳ್ಳಿ, ಅರ್ಧ ಜನ ದೇಶಾಂತರ ಹೋಗಿದ್ದಾರೆ ಎಂದು ತಮ್ಮ ಎಂದಿನ ಪಾಠ ಒಪ್ಪಿಸಿ ಮನೆಗೆ ಬಂದರು. ರುಮಾಲು ಬಿಚ್ಚುತ್ತ ನಕ್ಕರು. ಹಿಂದೊಬ್ಬ ಸಾಹೇಬ ದಾರಿಹೋಕರ ಅನುಕೂಲಕ್ಕೆಂದು ಬಾವಿ ಎಣಿಸಿದ್ದ. ಮರುವರ್ಷ ನೀರಾವರಿ ಎಂದು ತೋಟಗಳ ಪಟ್ಟಿ, ಅಂದರೆ ಕಂದಾಯ, ಏರಿಸಲು ಬಂದಿದ್ದರು. ಇವನು ಅವನಿಗಿಂತ ಜಾಣ, ದವಾಖಾನೆಯ ಬೆಲ್ಲ ಹಚ್ಚಿಕೊಂಡು ಬಂದಿದ್ದಾನೆ ಎಂದರು.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಖರೇ ಇದ್ದರ?"

"ಸರ್ಕಾರದವ್ರು ಖರೇ ಹೇಳಿದ್ದು ನೀ ಯಾವಾಗ ನೋಡೀದಿ?"

"ನೀವು ಸರ್ಕಾರಕ್ಕ ಖರೇ ಹೇಳಿದ್ದು ನಾ ಯಾವಾಗ ನೋಡೀನ್ರಿ?"

ಮಾವನವರು ನಕ್ಕೇ ಬಿಟ್ಟರು. ಅವರ ನಗುವಿನಲ್ಲಿ ಸಿಟ್ಟು ಇರಲಿಲ್ಲ. ಹೆಂಡತಿಯ ಮಾತಿಗೆ ಊರಲ್ಲಿ ಅವರಷ್ಟು ನಗುವವರು ಯಾರೂ ಇರಲಿಲ್ಲ, ಆದರೆ ಆ ಮಾತು ಕೇಳುವವರಲ್ಲ ಅವರು.

ಜವಾನನಿಗೆ ಸವುಳುಬಾವಿ ತೋರಿಸಿದ್ದರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಕುಡಿದರೆ ಬಾಯಿ ಒಣಗುತ್ತದೆ. ಸಾಹೇಬರು ಮೊದಲ ದಿನ ಅದನ್ನೇ ಕುಡಿದರು. ಕೆಮ್ಮು ಗೋಡೆಯ ಈಚೆಗೂ ಕೇಳುತ್ತಿತ್ತು. ಮರುದಿನ ಜವಾನ ಹೂಜಿ ಹಿಡಿದು ನಮ್ಮ ಹಿತ್ತಲ ಬಾಗಿಲ ಮುಂದೆ ಹೋಗುವುದನ್ನು ಕಂಡು ಅತ್ತೆ ಅವನನ್ನು ನಿಲ್ಲಿಸಿದರು. ನನಗೆ, ಕುಡಿಯುವ ಹಂಡೆಯಿಂದ ತುಂಬಿಕೊಡು ಎಂದರು. ಕತ್ತಲಲ್ಲಿ ತಂದಿಟ್ಟ ಸಿಹಿಬಾವಿಯ ನೀರು ಅದು. ಮಾವನವರಿಗೆ ಗೊತ್ತಾದರೆ ಎಂದು ನಾನು ತಡೆದೆ.

"ಹಾಕವ್ವ," ಎಂದರು ಅತ್ತೆ. "ಕುಡಿಯೋ ನೀರಿನ್ಯಾಗ ಸುಳ್ಳ ಹೇಳಬಾರ್ದು."

ಅಂದಿನಿಂದ ದಿನಾಲೂ ಹೂಜಿ ನಮ್ಮ ಹಿತ್ತಲಿಗೇ ಬಂತು. ಸಾಹೇಬರು ಏನೂ ಕೇಳಲಿಲ್ಲ. ಜವಾನನೂ ಬಾಯಿ ಬಿಡಲಿಲ್ಲ.

ದೌರೆಗೆ ಬಂದವರು ಒಂದೆರಡು ದಿನದಲ್ಲಿ ಹೋಗುತ್ತಿದ್ದರು. ಇವರು ಹೋಗಲಿಲ್ಲ. ಬೆಳಿಗ್ಗೆ ಕೋಲು ಹಿಡಿದು ಹೊರಡುವರು, ದಿನ್ನೆ ಏರುವರು, ಸಂಜೆ ಬಂದು ದೀಪದ ಮುಂದೆ ಕೂರುವರು. ಊರು ಮುಚ್ಚಿಯೇ ಇತ್ತು. ಮಕ್ಕಳು ಹಾಲಿಗೆ ಅತ್ತವು, ದನಗಳು ಹಳ್ಳದಲ್ಲಿ ಒದರಿದವು. ಎಲ್ಲಕ್ಕಿಂತ ದೊಡ್ಡ ಪೇಚು ಹಗೇವಿನದು. ಮುಚ್ಚಿದ ಹಗೇವಿನೊಳಗಿನ ಕಾವಿಗೆ ಗೊನೆಗಳೆಲ್ಲ ಒಟ್ಟಿಗೇ ಹಣ್ಣಾದವು. ಬಳಿದ ಮಣ್ಣು ಬಿರಿಯಿತು. ನೆಲದಿಂದ ವಾಸನೆ ಏಳತೊಡಗಿತು. ಬೆಳಗಿನ ಇಬ್ಬನಿಯಲ್ಲಿ ಅಗಸಿಯಿಂದ ಹಳ್ಳದವರೆಗೆ ಇಡೀ ಕಮಲಾಪುರ ಬಾಳೆಹಣ್ಣಿನ ಹಾಗೆ ನಾರುತ್ತಿತ್ತು.

ಮಾವನವರು ಮನೆಮನೆಗೆ ಲೋಬಾನ, ದರ್ಗಾದಲ್ಲಿ ಹಾಕುವ ಧೂಪ, ಹಾಕಲು ಹೇಳಿದರು. ಲಿಂಗವಂತರ ಮನೆಗಳಲ್ಲೂ ಲೋಬಾನದ ಹೊಗೆ ಎದ್ದಿತು. ಸಾಹೇಬರು ಚಾವಡಿಯ ಮೆಟ್ಟಿಲ ಮೇಲೆ ನಿಂತು ಮೂಗು ಎತ್ತಿ, "ಕ್ಯಾ ಬಾತ್ ಹೈ ಪಟೇಲ್ ಸಾಬ್, ನಿಮ್ಮೂರು ನಮ್ಮ ರೋಜಾದಂಗ ಘಮಾಯಸ್ಲಾಕತ್ತದ," ಎಂದರು. ಮಾವನವರು, ಊರಲ್ಲಿ ಸೊಳ್ಳೆ ಬಹಳ ಸರ್ಕಾರ ಎಂದರು. ಸಂದಿನಿಂದ ನೋಡುತ್ತಿದ್ದ ನಾನು ನಗಲು ಬಾಯಿ ತೆರೆದೆ. ಪಕ್ಕದಲ್ಲಿ ಅತ್ತೆಯ ಮುಖ ನೋಡಿ ಮುಚ್ಚಿಕೊಂಡೆ. ಅವರು ನಾಚಿಕೆಯಿಂದ ಕೆಂಪಾಗಿದ್ದರು.

ಹೊರಡುವ ಮುಂಜಾನೆ ಸಾಹೇಬರು ತಾವೇ ನಮ್ಮ ಮನೆಗೆ ಬಂದರು. ಹೊರಗಿನ ಕಟ್ಟೆಯ ಮೇಲೆ ಕೂತರು. ಆ ಕಟ್ಟೆಯ ಬುಡದಲ್ಲೇ ನಮ್ಮ ಹಗೇವು. ವಾಸನೆ ಅವರ ಕಾಲ ಕೆಳಗಿನಿಂದ ಬರುತ್ತಿತ್ತು. ಮಾವನವರು ಎದುರಿಗೆ ಕೈಕಟ್ಟಿ ನಿಂತರು. ನಾವಿಬ್ಬರೂ ಬಾಗಿಲ ಹಿಂದೆ.

"ಪಟೇಲರ," ಎಂದರು ಸಾಹೇಬರು, ಮೆಲ್ಲಗೆ. "ನಾ ನೋಡಿದ್ದು ಬರೀಲೋ, ನೀವು ಹೇಳಿದ್ದು ಬರೀಲೋ?"

ಮಾವನವರು ಕಟ್ಟಿದ ಕೈ ಬಿಡಿಸಿ ಮುಗಿದರು. ಒಳಗೆ ಅತ್ತೆ ನನ್ನ ಮುಂಗೈ ಹಿಡಿದುಕೊಂಡಿದ್ದರು. ಹೆಂಗಸರು ಅಧಿಕಾರಿಯ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ…

"ನಾವು ಹೇಳಿದ್ದೇ ಬರೀರಿ ಸರ್ಕಾರ. ಇಲ್ಲಿ ಏನೂ ಇಲ್ಲ."

ಸಾಹೇಬರು ಎದ್ದು, ಕೋಲು ಹಿಡಿದು, ಒಂದು ಗಳಿಗೆ ಬಾಗಿಲ ಕಡೆ ನೋಡಿದರು. "ನಿಮ್ಮ ಮನ್ಯಾಗ ಒಬ್ರು ಖರೇ ಹೇಳ್ಯಾರ," ಎಂದರು. ಮಾವನವರಿಗೆ ಅದು ತಿಳಿಯಲಿಲ್ಲ. ಗಾಡಿ ತಿರುವು ದಾಟಿದ ಮೇಲೆ ಅವರು ಹಗೇವಿನ ಕಲ್ಲು ತೆಗೆಸಿದರು. ಗೊನೆಗಳು ಕಪ್ಪಾಗಿ ಸೋರುತ್ತಿದ್ದವು. ಆದರೂ ಊರಿಗೆ ಊರೇ ಹಬ್ಬ ಮಾಡಿತು. ಕರಗಿದ ಹಣ್ಣನ್ನು ಕೈಯಿಂದ ತೋಡಿ ತೋಡಿ ತಿಂದರು. ಅತ್ತೆ ಮುಟ್ಟಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ದವಾಖಾನೆ ಬಂತು, ಗುಡ್ಡದ ಆಚೆಯ ಊರಿಗೆ. ಸುಣ್ಣ ಬಳಿದ ಕಟ್ಟಡ, ಹೊರಗೆ ಬೇವಿನ ಗಿಡ, ಬಿಳಿ ಅಂಗಿಯ ಡಾಕ್ಟರು ಎಂದು ನೋಡಿ ಬಂದವರು ಹೇಳಿದರು. ಸಾಹೇಬರು ಹೇಳಿದ್ದು ಅಕ್ಷರಶಃ ಖರೆ. ಚಾವಡಿಯ ಕಟ್ಟೆಯ ಮೇಲೆ ಕೆಲವು ದಿನ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಾವನವರ ಮೇಲೆ ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಲು ಯಾರಿಗೂ ಬಾಯಿ ಇರಲಿಲ್ಲ. ಎಲ್ಲರ ಮನೆಯಲ್ಲೂ ಹಗೇವು ಇತ್ತು.

ಆಚೆಯ ಊರಿನವರಿಗೆ ಮಾತ್ರ ಬಾಯಿ ಬಂತು. ಮಾವನವರ 'ಇಲ್ಲದ ಊರು' ಎಂಬ ಹಳೆಯ ಚಟಾಕಿ ಗಾಡಿಯವರಿಂದ ಅಲ್ಲಿಗೆ ಮುಟ್ಟಿತ್ತು. ಸಂತೆಯಲ್ಲಿ ನಮ್ಮವರನ್ನು ಕಂಡರೆ, "ಬರ್ರಿ ಬರ್ರಿ, ಇಲ್ಲದ ಊರಿನವ್ರು ಬಂದ್ರು. ಇಲ್ಲದ ಪಟೇಲರು ಆರಾಮ ಇದಾರೇನ್ರಿ?" ಎನ್ನುತ್ತಿದ್ದರು. ಮಾವನವರು ಸಂತೆಗೆ ಹೋಗುವುದನ್ನು ಬಿಟ್ಟರು.

ಮುಂದಿನ ಜೋಳದ ರಾಶಿ. ಕಣದಲ್ಲಿ ತೂರುವಾಗ ಗಾಳಿ ತಿರುಗಿತು. ಹೊಟ್ಟಿನ ಒಂದು ಚೂರು ಅತ್ತೆಯ ಬಲಗಣ್ಣಿಗೆ ಬಡಿಯಿತು. ಇದ್ದದ್ದು ಅದೊಂದೇ ಕಣ್ಣು. ಮೊದಲ ದಿನ ಕೆಂಪು, ಆಮೇಲೆ ಬಾವು, ಆಮೇಲೆ ತೆರೆಯಲಾಗದ ನೋವು. ಬಾಣಂತಿಯ ಎದೆಹಾಲು ಹಾಕಿದೆವು, ನಂದಬಟ್ಟಲ ಹೂವಿನ ರಸ ಹಾಕಿದೆವು. ನನ್ನ ಗಂಡ ಗಾಡಿ ಕಟ್ಟಿ, ಗುಡ್ಡದ ಆಚೆಯ ದವಾಖಾನೆಗೆ ಹೋಗೋಣ ಎಂದರು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟುವ ದಾರಿ.

ಮಾವನವರು ನೊಗ ಹಿಡಿದು ನಿಂತರು. "ಅಲ್ಲಿ ಬ್ಯಾಡಪ್ಪ. ಅಲ್ಲಿ ಯಾವ ಮಾರಿ ತೋರಸ್ಲಿ ನಾ?" ಎಂದರು. ನಾಳೆಗೆ ಕಡಿಮೆಯಾಗುತ್ತದೆ ಎಂದರು. ನಾಳೆಯೂ ಹಾಗೇ ಎಂದರು. ಅವರು ಕಟುಕರಲ್ಲ. ರಾತ್ರಿಯೆಲ್ಲ ಹೆಂಡತಿಯ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸಿದವರು. ಆದರೆ ಆ ಸುಣ್ಣದ ಗೋಡೆಯ ಮುಂದೆ ನಿಂತು ಊರಿನ ಹೆಸರು ಹೇಳುವುದು ಅವರಿಂದ ಆಗಲಿಲ್ಲ. ಅತ್ತೆಯೂ ಅಲ್ಲಿಗೆ ಕರೆದೊಯ್ಯಿರಿ ಎನ್ನಲಿಲ್ಲ. ಗಂಡನ ನಾಚಿಕೆ ಎಷ್ಟು ಆಳ ಎಂದು ಅವರಿಗೆ ಗೊತ್ತಿತ್ತು.

ಕೊನೆಗೆ ಕಲಬುರಗಿಯ ದೊಡ್ಡ ದವಾಖಾನೆಗೆ ಹೊರಟೆವು. ಇಡೀ ದಿನದ ದಾರಿ. ಅತ್ತೆಯ ತಲೆ ನನ್ನ ತೊಡೆಯ ಮೇಲೆ. ಗಾಡಿಯ ಗಾಲಿ ಕಲ್ಲಿಗೆ ಏರಿದಾಗಲೆಲ್ಲ ಅವರು ತುಟಿ ಕಚ್ಚುತ್ತಿದ್ದರು. ಡಾಕ್ಟರು ರೆಪ್ಪೆ ಬಿಡಿಸಿ ನೋಡಿ, ಬೇಗ ಬಂದಿದ್ದರೆ ತೊಳೆದು ಔಷಧಿ ಹಾಕಿ ಉಳಿಸಬಹುದಿತ್ತು, ಈಗ ನೋವು ಮಾತ್ರ ಇಳಿಸಬಹುದು ಎಂದರು. ನಿಮ್ಮ ಕಡೆ ಹೊಸ ದವಾಖಾನೆ ಆಗಿದೆಯಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರು. ಮಾವನವರು ಗೋಡೆ ನೋಡುತ್ತಿದ್ದರು.

ಕಟ್ಟು ಬಿಚ್ಚಿದ ಮೇಲೆ, ಊರಿಗೆ ಹೊರಡುವ ಮೊದಲು, ಮಾವನವರು ಗಾಡಿಯನ್ನು ರೋಜಾಕ್ಕೆ ತಿರುಗಿಸಿದರು. ಗಿರದಾವರ ಸಾಹೇಬರು ನೌಕರಿ ಮುಗಿಸಿ ಮನೆಯಲ್ಲಿದ್ದರು. ಕೇಳುತ್ತ ಕೇಳುತ್ತ ಮುಟ್ಟಿದೆವು. ಮಾವನವರು ಹೊಸಿಲ ಹೊರಗೇ ನಿಂತು, ನಾನು ಅಂದು ಹೇಳಿದ್ದೆಲ್ಲ ಸುಳ್ಳು, ನಮ್ಮದು ದೊಡ್ಡ ಊರು, ನೀರಿದೆ, ತೋಟವಿದೆ, ಅದನ್ನು ಇನ್ನೊಮ್ಮೆ ಬರೆಸಲು ಬರುತ್ತದೆಯೇ ಎಂದು ಕೇಳಿದರು. ಆ ಎತ್ತರದ ಮನುಷ್ಯ ಮಗುವಿನ ಹಾಗೆ ಕೇಳುತ್ತಿದ್ದರು. ಈ ಸಲ ಕಣ್ಣೀರನ್ನು ಅವರು ತರಿಸಿಕೊಂಡಿರಲಿಲ್ಲ.

ಸಾಹೇಬರು ಅವರ ಕೈ ಹಿಡಿದು ಒಳಗೆ ಕೂರಿಸಿದರು. ದಿನ್ನೆಯ ಮೇಲಿನಿಂದ ಎರಡನೆಯ ದಿನವೇ ಎಲ್ಲಾ ನೋಡಿದ್ದೆ ಎಂದರು. ನೋಡಿದ್ದನ್ನು ಬರೆದಿದ್ದರೆ ಸರಕಾರಕ್ಕೆ ಮರೆಮಾಚಿದ ಪಟೇಲನೆಂದು ನಿಮ್ಮ ಪಟೇಲಿಕೆ ಹೋಗುತ್ತಿತ್ತು, ಊರಿಗೆ ದಂಡ ಬೀಳುತ್ತಿತ್ತು, ನಿಮ್ಮ ಬಾಯಿಂದಲೇ ಬರಲಿ ಎಂದು ದಾರಿ ನೋಡಿದೆ, ಬರಲಿಲ್ಲ, ಇದ್ದ ಊರನ್ನು ಇಲ್ಲ ಎಂದು ಬರೆದವನು ನಾನೇ ಅಲ್ಲವೇ, ನನಗೂ ನಾಚಿಕೆ ಇದೆ ಎಂದರು. ಬರೆದದ್ದನ್ನು ಬದಲಿಸಲು ಈಗ ಅವರಿಗೆ ಅಧಿಕಾರವಿರಲಿಲ್ಲ. ಕಟ್ಟಿದ ಗೋಡೆ ನಡೆದು ಬರುವುದೂ ಇಲ್ಲ.

ಆಮೇಲೆ ಅವರು ಅತ್ತೆಯ ಕಡೆ ತಿರುಗಿದರು. ಒಳಗಿನಿಂದ ನೀರು ತರಿಸಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ತಾಯಿ, ನಿಮ್ಮ ಮನೀ ನೀರು ಸಿಹಿ ಇತ್ತು. ನಾ ಮರ್ತಿಲ್ಲ," ಎಂದರು.

ಮಡಿಯ ಮಾತು ಯಾರೂ ಎತ್ತಲಿಲ್ಲ. ಅತ್ತೆ ಬಟ್ಟಲನ್ನು ತಡಕಿ ಹಿಡಿದು ಕುಡಿದರು. ಮಾವನವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಮನೆಯಲ್ಲಿ ಖರೆ ಹೇಳಿದ ಆ ಒಬ್ಬರು ಯಾರು ಎಂದು ಅವರಿಗೆ ಆಗ ತಿಳಿಯಿತು. ತಿಳಿದ ಹೊತ್ತಿಗೆ ಅವರು ನೋಡುತ್ತಿರುವುದು ಆಕೆಗೆ ಕಾಣುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಮಾವನವರ ದಿನಚರಿ ಬದಲಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅತ್ತೆಯ ಕೈ ಹಿಡಿದು ಹೊರಡುವರು. ಅಗಸಿಯಿಂದ ಶುರು. ಹುಡೆ, ಚಾವಡಿ, ಕೇರಿಗಳು, ದಿನ್ನೆಯ ಇಳಿಜಾರು, ಹಳ್ಳ, ತೋಟ, ಸಿಹಿಬಾವಿ. ನಡೆಯುತ್ತ ನಡೆಯುತ್ತ ಊರನ್ನು ಹೇಳುವರು. ಇಲ್ಲಿ ಬಡಿಗನ ಮನೆ, ಹೊಸ ಬಾಗಿಲು ಹಚ್ಚಿದ್ದಾನೆ. ಇಲ್ಲಿ ಹಗೇವು, ಬಾಯಿ ತೆರೆದಿದೆ. ಬಾವಿಯಲ್ಲಿ ನೀರು ಮೂರು ಮೆಟ್ಟಿಲು ಇಳಿದಿದೆ. ಅತ್ತ ಗೊನೆ ಬಿಟ್ಟ ಗಿಡ, ಇತ್ತ ಬರಡು ಗಿಡ. ಒಂದು ಕಾಲಕ್ಕೆ ಏನೂ ಇಲ್ಲ ಎಂದ ಬಾಯಿ ಒಂದನ್ನೂ ಬಿಡದೆ ಹೇಳುತ್ತಿತ್ತು.

ಜನ ಮೊದಮೊದಲು ಚೇಷ್ಟೆ ಮಾಡಿದರು. "ಪಟೇಲ್ರು ಪಂಚನಾಮಿಗೆ ಹೊಂಟಾರ, ಹೊರಸ ಮುಚ್ಚಿಡ್ರೋ," ಎಂದು ಕೂಗಿದರು. ಮಾವನವರು ತಲೆ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೂ ಆ ಮೆರವಣಿಗೆಯ ಹಿಂದೆ ಹೋಗಲು ಸಂಕೋಚವಾಗುತ್ತಿತ್ತು. ಸೊಸೆಯಾದವಳು ಜೊತೆಗೆ ಇರಬೇಕು. ಇದ್ದೆ, ಸೆರಗು ಮುಂದೆ ಎಳೆದುಕೊಂಡು.

ಆಮೇಲೆ ಬಂದ ಗಿರದಾವರರಿಗೆ ಮಾವನವರು ಅದೇ ದಾರಿಯಲ್ಲಿ ನಡೆದು ಎಲ್ಲವನ್ನೂ ತೋರಿಸಿದರು. ತೋಟಗಳಿಗೆ ಪಟ್ಟಿ ಏರಿತು. ಊರು ಅವರ ಮೇಲೆ ಸಿಟ್ಟಾದದ್ದು ಆಗ. ದವಾಖಾನೆ ಕಳೆದವನನ್ನು ಏನೂ ಅನ್ನದ ಜನ, ಖರೆ ಹೇಳಿದವನ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಅವರು ಸಮಾಧಾನ ಹೇಳಲೂ ಹೋಗಲಿಲ್ಲ. ಪಟೇಲಿಕೆಯನ್ನು ನನ್ನ ಗಂಡನಿಗೆ ಒಪ್ಪಿಸಿ, ಹೆಂಡತಿಯ ಕೈ ಹಿಡಿದರು.

ಒಂದು ವರ್ಷ ಬಿರುಗಾಳಿಗೆ ತೋಟವೆಲ್ಲ ಮಲಗಿತು. ಮಾವನವರು ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಗಿಡಗಳೆಲ್ಲ ನಿಂತಿವೆ, ಗೊನೆ ಚೆನ್ನಾಗಿವೆ ಎಂದರು. ಆಕೆಗೆ ನೋವಾಗಬಾರದೆಂದು ಹೇಳಿದ ಮಾತು ಅದು. ಅತ್ತೆ ನಿಂತು, ಗಾಳಿಗೆ ಮುಖ ಮಾಡಿದರು. ಎಲೆಯ ಸಪ್ಪಳ ಇರಲಿಲ್ಲ.

"ಮತ್ತ ಊರು ಮುಚ್ಚಬ್ಯಾಡ್ರಿ," ಎಂದರು.

ಮಾವನವರು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, ಬಿದ್ದ ಗಿಡಗಳನ್ನು ಒಂದೊಂದಾಗಿ ಹೇಳಿದರು. ಅತ್ತೆ ತಲೆಯಾಡಿಸುತ್ತ ಕೇಳಿದರು. ಹಿಂದೆ ನಿಂತಿದ್ದ ನಾನು… ಏನು ಮಾಡಿದೆನೋ ನೆನಪಿಲ್ಲ.

ಅತ್ತೆ ಮೊದಲು ಹೋದರು. ಮಾವನವರು ಆಮೇಲೆಯೂ ಅದೇ ಹೊತ್ತಿಗೆ ಹೊರಡುತ್ತಿದ್ದರು, ಎಡಗೈಯನ್ನು ಸ್ವಲ್ಪ ಹೊರಗೆ ಚಾಚಿ, ಯಾರನ್ನೋ ಹಿಡಿದಂತೆ. ದನಿ ಇಳಿದಿತ್ತು. ಹತ್ತಿರ ಹೋದರೆ ಕೇಳುತ್ತಿತ್ತು: ಇಲ್ಲಿ ಬಾವಿ, ನೀರದ… ಇಲ್ಲಿ ಹಗೇವು… ಒಂದು ಬೇಸಿಗೆಯ ಬೆಳಿಗ್ಗೆ ತೋಟದ ಬದುವಿನ ಮೇಲೆ ಕೂತವರು ಏಳಲಿಲ್ಲ.

ಆಮೇಲೆ ನಿಜಾಮರ ರಾಜ್ಯ ಹೋಯಿತು. ಸುಬೇದಾರರು, ತಾಲೂಕದಾರರು, ಗಿರದಾವರರು ಎಲ್ಲಾ ಹೆಸರುಗಳೂ ಹೋದವು. ನನ್ನ ಗಂಡನೂ ಹೋದರು. ನಾನು ಮಗನ ಕೆಲಸದ ಜೊತೆ ಕಲಬುರಗಿಗೆ ಬಂದೆ. ಈಗ ಕಮಲಾಪುರದಲ್ಲೂ ಸರಕಾರದ ಆಸ್ಪತ್ರೆ ಇದೆಯಂತೆ. ಮದುವೆಮನೆಗಳಲ್ಲಿ ಹಳಬರು ಊರು ಮುಚ್ಚಿದ ಕತೆಯನ್ನು ನಗುತ್ತ ಹೇಳುತ್ತಾರೆ. ಬಾಳೆಯ ವಾಸನೆಗೆ ಲೋಬಾನ ಹಾಕಿದ್ದಕ್ಕೆ ಕೇಳಿದವರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಕಣ್ಣಿನ ಸಂಗತಿ ಅದರಲ್ಲಿ ಬರುವುದಿಲ್ಲ. ನಾನು ಎದ್ದು ಕೈ ತೊಳೆಯಲು ಹೋಗುತ್ತೇನೆ.

ತಳ್ಳುಗಾಡಿಯವನು ಮತ್ತೆ ಈ ಓಣಿಗೆ ಬಂದಿಲ್ಲ. ಹಣ್ಣುಗಳು ಅಡಿಗೆಮನೆಯ ಗೋಡೆಯ ಮಾಡದಲ್ಲಿ ಕಪ್ಪಾಗುತ್ತಿವೆ. ದಿನಾ ಬೆಳಿಗ್ಗೆ ಕೆಲಸ ಮುಗಿಸಿ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಅವನು ಅಷ್ಟು ಸಂತೋಷದಿಂದ ಕೇಳಿದ್ದ, ನೋಡೀರೇನ್ರಿ ಎಂದು. ಇಲ್ಲಿ ನನಗೆ ಕಂದಾಯದ ಹೆದರಿಕೆ ಇರಲಿಲ್ಲ, ಕೇಳಿದವನು ಗಿರದಾವರನೂ ಅಲ್ಲ. ಆದರೂ ಆ ಬಾವಿ, ಆ ತೋಟ, ಕೈ ಹಿಡಿದು ನಡೆದ ಆ ಇಬ್ಬರು, ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಚ್ಚಿ ಒಳಗೆ ಬಂದೆ. ಕಮಲಾಪುರ ನೋಡಿಲ್ಲ ಎಂದ ನನ್ನ ಬಾಯಿ ಕಮಲಾಪುರದ್ದೇ.